ಜೀಬ್ರಾ ಪಟ್ಟಿಯ ಮೇಲೆ ಸೈಕಲ್ ಇಳಿದು ತಳ್ಳಲಿ

ಪ್ರೀತಿಯ ಪೋಷಕರೇ, ನಮಸ್ಕಾರ.

ಕಳೆದ ಗುರುವಾರ ಸಂಜೆ ಬೆಲ್ ಹೊಡೆದ ಐದೇ ನಿಮಿಷಕ್ಕೆ ಎಂಟನೇ ತರಗತಿಯ ಹುಡುಗನೊಬ್ಬ ಗೇಟಿನ ಮುಂದಿನ ಜೀಬ್ರಾ ಪಟ್ಟಿಯ ಮೇಲೆ ಸೈಕಲ್ ತುಳಿದುಕೊಂಡೇ ರಸ್ತೆಗಿಳಿದ. ಬಲಗಡೆಯಿಂದ ಬಂದ ಸ್ಕೂಟರ್ ಬ್ರೇಕ್ ಹಾಕಿದರೂ ಹಿಂದಿನ ಚಕ್ರಕ್ಕೆ ತಗುಲಿತು. ಮೊಣಕೈ ತರಚಿತು, ಅಷ್ಟೇ. ಸ್ಕೂಟರಿನಲ್ಲಿದ್ದವರೂ ನಮ್ಮ ಶಾಲೆಯದೇ ಮಗುವಿನ ತಂದೆ. "ನಾನು ಪಟ್ಟಿ ಮೇಲೇ ಇದ್ದೆ ಮಿಸ್" ಅಂತ ಹುಡುಗ ಅಳುತ್ತಿದ್ದ. "ಎಲ್ಲಿಂದ ಬಂದನೋ ಕಾಣಲೇ ಇಲ್ಲ ಮೇಡಂ" ಅಂತ ಅವರು ನಡುಗುತ್ತಿದ್ದರು. ಇಬ್ಬರದೂ ನಿಜವೇ.

ಪಟ್ಟಿ ಇರುವುದು ನಡೆಯುವವರಿಗೆ. ಸಿಗ್ನಲ್ ಇಲ್ಲದ ಕಡೆ ಪಟ್ಟಿಯ ಮೇಲೆ ನಡೆದು ಹೋಗುವವರಿಗೇ ಮೊದಲ ಹಕ್ಕು, ಗಾಡಿಯವರು ದಾರಿ ಬಿಡಬೇಕು. ಕೇಂದ್ರ ಸರ್ಕಾರದ 1989ರ ರಸ್ತೆ ನಿಯಮದಲ್ಲೇ ಇದು ಇತ್ತು, 2017ರ ಹೊಸ ನಿಯಮದಲ್ಲೂ ಇದೆ. ಆದರೆ ಪೆಡಲ್ ತುಳಿಯುತ್ತಿರುವ ಮಗು ನಡೆಯುವವರ ಲೆಕ್ಕಕ್ಕೆ ಬರುವುದಿಲ್ಲ. ಇಳಿದು ತಳ್ಳಿಕೊಂಡು ಹೋಗಬೇಕು.

ನನಗೆ ಕಾನೂನಿಗಿಂತ ವೇಗದ ಚಿಂತೆ ಜಾಸ್ತಿ. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ಒಂದು ಸೆಕೆಂಡಿಗೆ 4 ಮೀಟರ್ ಮುಂದೆ ಬಂದಿರುತ್ತದೆ. 40 ಕಿ.ಮೀ. ವೇಗದ ಸ್ಕೂಟರ್ 11 ಮೀಟರ್. ಸವಾರ ಮಗುವನ್ನು ಕಂಡು ಬ್ರೇಕ್ ಹಿಡಿಯುವಷ್ಟರಲ್ಲೇ ಆ 11 ಮೀಟರ್ ಮುಗಿದಿರುತ್ತದೆ. ನಡೆದು ಬರುವ ಮಗು ಮೊದಲೇ ಕಣ್ಣಿಗೆ ಬೀಳುತ್ತದೆ, ಬೇಕಾದರೆ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಅವತ್ತು ಪಟ್ಟಿಗೆ ಒತ್ತಿಕೊಂಡು ಒಂದು ಕಾರು ನಿಂತಿತ್ತು, ಮಗುವನ್ನು ಕರೆದುಕೊಂಡು ಹೋಗಲು ಬಂದದ್ದು. ಹುಡುಗನಿಗೆ ಸ್ಕೂಟರ್ ಕಾಣದಂತೆ, ಸ್ಕೂಟರಿನವರಿಗೆ ಹುಡುಗ ಕಾಣದಂತೆ ಅಡ್ಡವಾಗಿದ್ದು ಅದೇ. "ಎರಡೇ ನಿಮಿಷ ಮೇಡಂ" ಅನ್ನುತ್ತೀರಿ. ಆ ಎರಡು ನಿಮಿಷದಲ್ಲೇ ನೂರಾರು ಮಕ್ಕಳು ಹೊರಗೆ ಬರುತ್ತಾರೆ, ಅಲ್ವಾ? ದಯವಿಟ್ಟು ಗಾಡಿಯನ್ನು ದೂರದಲ್ಲಿ ನಿಲ್ಲಿಸಿ, ನಡೆದು ಬನ್ನಿ.

ಹಾಗಂತ ಸೈಕಲ್ಲೇ ಬೇಡ ಅನ್ನಬೇಡಿ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ, ಓದು ಬಿಡಬೇಕಿದ್ದ ಹೆಣ್ಣುಮಕ್ಕಳು ಬೆಲ್ ಹೊಡೆದುಕೊಂಡು ಶಾಲೆಗೆ ಬಂದದ್ದನ್ನು ಕಣ್ಣಾರೆ ಕಂಡವಳು ನಾನು.

ಸೋಮವಾರದಿಂದ ಬೆಳಿಗ್ಗೆ, ಸಂಜೆ ನಾನು ಮತ್ತು ಪಿ.ಟಿ. ಮೇಷ್ಟ್ರು ಪಟ್ಟಿಯ ಹತ್ತಿರ ನಿಂತಿರುತ್ತೇವೆ. ಜೊತೆಗೆ ನಿಲ್ಲಲು ಬಿಡುವಿರುವವರು ಶನಿವಾರದೊಳಗೆ ಆಫೀಸಿನಲ್ಲಿ ಹೆಸರು ಕೊಡಿ.

ನಿಮ್ಮ,
ಮುಖ್ಯ ಶಿಕ್ಷಕಿ