ಬೆಟ್ಟದ ಪಾಚಿ ಬೇಡ, ತೆಂಗಿನ ನಾರು ಸಾಕು

ಮಾನ್ಯ ಸಂಪಾದಕರೇ,

ಮನೆಯೊಳಗೆ ದಾರ ಕಟ್ಟಿ ತೂಗುಬಿಡುವ ಪಾಚಿ ಉಂಡೆಯ ಗಿಡಗಳಿಗೆ ತುಮಕೂರಿನಲ್ಲೂ ಈಗ ಬೇಡಿಕೆ ಬಂದಿದೆ. ಜಪಾನಿನ ಕೊಕೆಡಾಮ ಇದು. ಕುಂಡದ ಹಂಗಿಲ್ಲದೆ, ಬೇರಿನ ಸುತ್ತ ಮಣ್ಣಿನ ಉಂಡೆ ಕಟ್ಟಿ, ಮೇಲೆ ಪಾಚಿ ಹೊದಿಸಿ ದಾರ ಸುತ್ತುವ ಈ ಕೆಲಸ ನನಗೆ ಬಲು ಇಷ್ಟ. ನೆರೆಹೊರೆಯ ಹೆಣ್ಣುಮಕ್ಕಳಿಗೂ ಕಲಿಸುತ್ತಿದ್ದೇನೆ. ಆದರೆ ಆ ಪಾಚಿ ಬರುತ್ತಿರುವ ದಾರಿ ಕಂಡರೆ ಹೊಟ್ಟೆ ಉರಿಯುತ್ತದೆ. ಇಲ್ಲಿನ ಗಿಡದಂಗಡಿಯೊಂದರಲ್ಲಿ ‘ದುರ್ಗದ ಬೆಟ್ಟದ್ದು, ತಾಜಾ’ ಎಂದು ಚೀಲ ಬಿಚ್ಚಿ ತೋರಿಸಿದರು. ಹಸಿರು ಚಕ್ಕೆಗಳ ಅಡಿಯಲ್ಲಿ ಬಂಡೆಯ ಪುಡಿ ಇನ್ನೂ ಅಂಟಿಕೊಂಡಿತ್ತು. ಒಂದು ಚಕ್ಕೆಯಲ್ಲಿ ಉಗುರಿನಷ್ಟು ಜರಿಗಿಡದ ಸಸಿಯೂ ಇತ್ತು.

ಅಂಗಡಿಯವರು ಹೇಳಿದ ದುರ್ಗವೆಂದರೆ ನಮ್ಮ ತುಮಕೂರಿನ ಬಳಿಯ ದೇವರಾಯನದುರ್ಗ. ಅಲ್ಲಿನ ಬಂಡೆಯ ಮೇಲೆ ಪಾಚಿ ದಪ್ಪಗೆ ಹಬ್ಬಲು ವರ್ಷಗಳೇ ಬೇಕು. ಅದಕ್ಕೆ ನಿಜವಾದ ಬೇರಿಲ್ಲ, ಕೆರೆದರೆ ಸಲೀಸಾಗಿ ಎದ್ದು ಬರುತ್ತದೆ. ಮಳೆಯ ನೀರನ್ನು ಹೀರಿಟ್ಟುಕೊಂಡು, ಬರಿಬಂಡೆಯ ಮೇಲೆ ಜರಿಗೂ ಹುಲ್ಲಿಗೂ ನೆಲೆ ಕೊಡುವುದು ಅದೇ. ಜಯಮಂಗಲಿ ನದಿ ಹುಟ್ಟುವ ಬೆಟ್ಟವಿದು. 1927ರ ಭಾರತೀಯ ಅರಣ್ಯ ಕಾಯಿದೆಯ ಅರಣ್ಯೋತ್ಪನ್ನಗಳ ವ್ಯಾಖ್ಯೆಯಲ್ಲಿ ಹುಲ್ಲು, ಬಳ್ಳಿಗಳ ಜೊತೆಗೆ ಪಾಚಿಯ ಹೆಸರೂ ಇದೆ. ಇಷ್ಟೆಲ್ಲ ಹಾಳುಮಾಡಿ ತಂದ ಪಾಚಿ ಬೇಸಿಗೆಯ ಒಣಗಾಳಿ ಬೀಸಿದೊಡನೆ ನಮ್ಮ ಮನೆಗಳಲ್ಲಿ ಕಂದಿ ಉದುರುತ್ತದೆ.

ಕಲ್ಪತರು ನಾಡಿನಲ್ಲಿ ಕುಳಿತು ನಾವು ಬಂಡೆ ಕೆರೆಯಬೇಕೆ? ತೆಂಗಿನ ಗರಿಯ ಬುಡದಲ್ಲಿ ಗೋಣಿಯಂತೆ ಹೆಣೆದುಕೊಂಡಿರುವ ಕಂದು ಜಾಲರಿಯನ್ನು ಒಮ್ಮೆ ನೋಡಿ. ತೋಟದಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ. ನೀರಿನಲ್ಲಿ ನೆನೆಸಿದರೆ ಮೆತ್ತಗಾಗಿ, ಉಂಡೆಯ ಮೈಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಕೆರೆಗೋಡು (ಕೆರೆಯ ಹೂಳು ಮಣ್ಣು), ಒಂದು ಪಾಲು ನಾರಿನ ಪುಡಿ ಬೆರೆಸಿ. ಗೋಡಿನ ಜಿಗುಟು ಉಂಡೆಯನ್ನು ಒಡೆಯಲು ಬಿಡುವುದಿಲ್ಲ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ನೀರು ಬದಲಿಸಿ ಎರಡು ಮೂರು ಸಲ ತೊಳೆಯಲೇಬೇಕು. ಹದ ಬಂದ ಮಣ್ಣು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಿ ನಿಲ್ಲುತ್ತದೆ, ಬೆರಳ ಸಂದಿಯಿಂದ ನೀರು ಇಳಿಯುವುದಿಲ್ಲ. ಉಂಡೆಯನ್ನು ಎರಡು ಹೋಳು ಮಾಡಿ, ನಡುವೆ ಬೇರಿಟ್ಟು ಕೂಡಿಸಿ, ಜಾಲರಿ ಹೊದಿಸಿ ನಾರಿನ ಹುರಿಯಿಂದ ಬಿಗಿಯಿರಿ. ಹತ್ತಿಯ ದಾರ ಬೇಗ ಕೊಳೆಯುತ್ತದೆ. ಮನಿ ಪ್ಲಾಂಟ್, ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್ ಚೆನ್ನಾಗಿ ಬರುತ್ತವೆ; ನೇರ ಬಿಸಿಲು ಮಾತ್ರ ಬೇಡ. ಉಂಡೆ ಕೈಗೆ ಹಗುರವೆನಿಸಿದಾಗ ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು ನೀರು ಬಸಿಯಿರಿ.

ಅರಣ್ಯ ಇಲಾಖೆ ಬೆಟ್ಟದಿಂದ ಇಳಿಯುವ ಚೀಲಗಳ ಮೇಲೆ, ಮುಖ್ಯವಾಗಿ ಮಳೆಗಾಲದಲ್ಲಿ, ಕಣ್ಣಿಡಬೇಕು. ಗಿಡದಂಗಡಿಯವರು ಬೆಟ್ಟದ ಪಾಚಿ ಕೊಳ್ಳುವುದನ್ನು ನಿಲ್ಲಿಸಬೇಕು. ತಿಪಟೂರು, ಗುಬ್ಬಿ ಕಡೆಯ ನಾರಿನ ಘಟಕಗಳವರು ತೊಳೆದ ಪುಡಿಯನ್ನೂ ಹುರಿಯನ್ನೂ ಅರ್ಧ ಕಿಲೋದ ಪೊಟ್ಟಣ ಮಾಡಿ ನಗರದ ಅಂಗಡಿಗಳಿಗೆ ಕೊಟ್ಟರೆ ನಮ್ಮಂಥವರು ಖಂಡಿತ ಕೊಳ್ಳುತ್ತೇವೆ.

– ಒಬ್ಬ ಗೃಹಿಣಿ, ಕ್ಯಾತ್ಸಂದ್ರ, ತುಮಕೂರು