ಗೆಳೆಯನಿಗೊಂದು ಪತ್ರ: ಸಿಗಾರ್ ಹಚ್ಚುವ ಮುನ್ನ ಅದರ ತೇವ ನೋಡು

ಪ್ರಿಯ ಗೆಳೆಯಾ,

ಸಿಗಾರ್ ಪದೇಪದೇ ಆರಿಹೋಗುತ್ತದೆ, ಎಳೆದರೆ ಹೊಗೆಯೇ ಬರುವುದಿಲ್ಲ ಎಂದು ಬರೆದಿದ್ದೀಯ. ಅದಕ್ಕಾಗಿ ಬೇರೆ ಬ್ರ್ಯಾಂಡ್ ಹುಡುಕಲು ಹೋಗಬೇಡ. ಹ್ಯೂಮಿಡಾರಿನಲ್ಲಿ, ಅಂದರೆ ಸಿಗಾರ್ ಕೂಡಿಡುವ ತೇವದ ಪೆಟ್ಟಿಗೆಯಲ್ಲಿ, ತೇವಾಂಶ ಶೇ 70 ಇದೆ ಅಂದೆಯಲ್ಲ, ತೊಂದರೆ ಇರುವುದು ಅಲ್ಲೇ. ಅಷ್ಟು ತೇವ ಕೂಡಿಡಲು ಸರಿ. ಸೇದುವ ಹೊತ್ತಿಗೆ ಶೇ 62ರಿಂದ 65 ಇದ್ದರೆ ಚೆನ್ನ.

ತೇವ ಹೆಚ್ಚಾದರೆ ಒಳಗಿನ ಎಲೆ ಉಬ್ಬಿ ಗಾಳಿಯಾಡುವ ಸಂದು ಮುಚ್ಚಿಹೋಗುತ್ತದೆ. ಕೆಂಡದ ಕಾವು ನೀರನ್ನು ಆವಿ ಮಾಡುವುದರಲ್ಲೇ ಕಳೆದುಹೋಗುತ್ತದೆ. ಆರದಿರಲೆಂದು ಜೋರಾಗಿ ಎಳೆದರೆ ಹೊಗೆ ಬಿಸಿಯಾಗಿ ಕಹಿ ಹತ್ತುತ್ತದೆ, ಉರಿ ಒಂದೇ ಪಕ್ಕಕ್ಕೆ ಓಡುತ್ತದೆ. ಒಳಗಿನದು ಬಿಸಿಗೆ ಹಿಗ್ಗಿ ಹೊರ ಎಲೆ ಸೀಳುವುದೂ ಉಂಟು.

ಸೇದುವ ಹಿಂದಿನ ದಿನವೇ ಸಿಗಾರ್ ತೆಗೆದು, ಸೆಲ್ಲೋಫೇನ್ ಬಿಚ್ಚಿ, ಖಾಲಿ ಸೀಡರ್ ಮರದ ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕು. ತೇವಾಂಶವನ್ನು ಒಂದೇ ಮಟ್ಟದಲ್ಲಿಡುವ ತೇವದ ಪ್ಯಾಕ್ ಅದರಲ್ಲಿ ಇಡಬೇಡ. ಒಣಮರವೇ ಹೆಚ್ಚಿನ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ತೆಳ್ಳಗಿನದಕ್ಕೆ 12 ಗಂಟೆ ಸಾಕು. 50 ರಿಂಗ್ ಗೇಜ್, ಅಂದರೆ ಸುಮಾರು 20 ಮಿ.ಮೀ. ದಪ್ಪದ್ದಕ್ಕೆ 24ರಿಂದ 48 ಗಂಟೆ. ಮಡೂರೋ ಎಂಬ ಕಡುಬಣ್ಣದ ಎಲೆಯಂಥ ದಪ್ಪ, ಜಿಡ್ಡಿನ ಹೊರ ಎಲೆಯಿದ್ದರೆ ಇನ್ನೂ ಸ್ವಲ್ಪ. ಕೋಣೆಯ ಗಾಳಿಯೇ ಒದ್ದೆಯಾಗಿದ್ದರೆ ಈ ಉಪಾಯ ನಡೆಯದು. ಆಗ ಗಾಳಿಯಾಡದ ಡಬ್ಬಿಯಲ್ಲಿ ಶೇ 62ರ ಪ್ಯಾಕ್ ಜೊತೆ ಕೆಲವು ದಿನ ಇಡು. ಅವಸರಕ್ಕೆ ಫ್ಯಾನಿನ ಕೆಳಗೋ ಬಿಸಿಲಿಗೋ ಮಾತ್ರ ಇಡಬೇಡ. ಹೊರ ಎಲೆ ಮೊದಲು ಒಣಗಿ ಬಿರಿಯುತ್ತದೆ, ಒಳಗು ಒದ್ದೆಯಾಗಿಯೇ ಉಳಿಯುತ್ತದೆ.

ಹದ ಬಂತೋ ಎಂದು ತಿಳಿಯಲು ಎರಡು ಬೆರಳಲ್ಲಿ ಮೆಲ್ಲಗೆ ಒತ್ತು. ತುಸು ತಗ್ಗಿ ಮತ್ತೆ ಎದ್ದರೆ ಸರಿ. ಮೆತ್ತಗೆ ಒಳಸರಿದರೆ ಇನ್ನೂ ತೇವವಿದೆ. ಚರಚರ ಅಂದರೆ ಒಣಗಿದೆ.

ತೇವಾಂಶ ಅಳೆಯುವ ನಿನ್ನ ಹೈಗ್ರೋಮೀಟರನ್ನೂ ಒಮ್ಮೆ ಪರೀಕ್ಷಿಸು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸು, ಕರಗಿಸಬೇಡ. ಅದನ್ನೂ ಮೀಟರನ್ನೂ ಜಿಪ್ ಚೀಲದಲ್ಲಿ ಮುಚ್ಚಿ ಒಂದು ರಾತ್ರಿ ಬಿಡು. ಒಳಗಿನ ತೇವಾಂಶ ಶೇ 75ಕ್ಕೆ ನಿಲ್ಲುತ್ತದೆ. ಮೀಟರ್ 71 ತೋರಿಸಿದರೆ ಅದು 4 ಕಡಿಮೆ ಹೇಳುತ್ತಿದೆ ಎಂದರ್ಥ, ನಿನ್ನ 70 ನಿಜಕ್ಕೂ 74!

ಪೂರಾ ಒಣಗಿದ ಸಿಗಾರ್ ಕೈಗೆ ಬಂದರೆ ನೀರು ಚಿಮುಕಿಸಬೇಡ, ನೇರ ಶೇ 70ಕ್ಕೂ ಇಡಬೇಡ. ಎಲೆಗಳು ಒಂದೇ ಸಮ ಹಿಗ್ಗದೆ ಹೊರ ಎಲೆ ಒಡೆಯುತ್ತದೆ. ಎರಡು ವಾರ ಶೇ 62, ಆಮೇಲೆ 65. ಹಾರಿಹೋದ ಎಣ್ಣೆ, ಪರಿಮಳ ಮಾತ್ರ ಮರಳಿ ಬಾರದು.

ಇಂತಿ,
ನಿನ್ನ ಗೆಳೆಯ