ಮೊಂಟೋಯಾ ಸಿಟ್ಟಿನ ಬಗ್ಗೆ ಬರೆದ ತಮ್ಮನಿಗೆ

ತಮ್ಮಾ,

ನೀನು ಕಳ್ಸಿದ ಲೇಖನ ಎರಡು ಸಲ ಓದ್ದೆ, ಮೊದಲ್ನೇ ಸಲ ಬಸ್ಸಲ್ಲಿ, ಎರಡನೇ ಸಲ ಮನೇಲಿ ಪೆನ್ಸಿಲ್ ಹಿಡ್ಕೊಂಡು. ಚೆನ್ನಾಗಿದೆ ಕಣೋ ಅಂತ ಹೇಳಿ ಮುಗಿಸ್ಬೋದಿತ್ತು, ಆದ್ರೆ "ಅಣ್ಣ, ಮುಲಾಜಿಲ್ದೆ ಹೇಳಿ" ಅಂತ ನೀನೇ ಬರ್ದಿದೀಯ. ಎಫ್ ಒನ್ (ಫಾರ್ಮುಲಾ ಒನ್) ಕಾರ್ ರೇಸರ್ ಹುವಾನ್ ಪಾಬ್ಲೋ ಮೊಂಟೋಯಾ ಬಗ್ಗೆ ನಾಲ್ಕು ಪುಟ ಇದೆ, ಅದ್ರಲ್ಲಿ "ಮುಂಗೋಪಿ" ಅನ್ನೋ ಪದ ಒಂಬತ್ತು ಸಲ ಬಂದಿದೆ, ಎಣಿಸಿದೀನಿ. ಆ ಸಿಟ್ಟು ಬಂದಿದ್ದು ಯಾವತ್ತು, ಯಾವ ಟ್ರ್ಯಾಕಲ್ಲಿ, ಯಾರ ಮೇಲೆ, ಅದ್ರಿಂದ ಎಷ್ಟು ಪಾಯಿಂಟ್ ಕೈತಪ್ಪಿತು ಅನ್ನೋದು ಒಂದು ಕಡೆನೂ ಇಲ್ಲ. "ಕೋಪವೇ ಅವನಿಗೆ ಮುಳುವಾಯಿತು" ಅಂತ ಕೊನೆಗೆ ಒಂದು ಸಾಲು ಹಾಕ್ಬಿಟ್ಟಿದೀಯ. ಇದು ಹರಿಕಥೆಲಿ ದುರ್ಯೋಧನನಿಗೆ ಹೇಳೋ ಮಾತು, ರೇಸಿಂಗ್ ಬಗ್ಗೆ ಬರೆಯೋನು ಇಷ್ಟಕ್ಕೇ ನಿಲ್ಲಬಾರ್ದು.

2001ರ ಇಂಟರ್‌ಲಾಗೋಸ್ ನನಗೆ ಚೆನ್ನಾಗಿ ನೆನಪಿದೆ. ಬ್ರೆಜಿಲ್ ರೇಸ್ ಅಂದ್ರೆ ನಮಗೆ ರಾತ್ರಿ ಹತ್ತೂವರೆ ಮೇಲೆ, ಮನೇಲಿ ಎಲ್ರೂ ಮಲಗಿದ್ರು, ಟೀವಿ ಸೌಂಡ್ ಪೂರ್ತಿ ಕಮ್ಮಿ ಮಾಡ್ಕೊಂಡು ಕೂತಿದ್ದೆ. ಈ ಕೊಲಂಬಿಯಾ ಹುಡ್ಗನಿಗೆ ಅದು ಬರೀ ಮೂರನೇ ಎಫ್ ಒನ್ ರೇಸ್. ಸೇಫ್ಟಿ ಕಾರ್ (ಟ್ರ್ಯಾಕಲ್ಲಿ ಅಪಾಯ ಇದ್ದಾಗ ಎಲ್ರನ್ನೂ ನಿಧಾನ ಮಾಡ್ಸೋ ಕಾರು) ಒಳಗೆ ಹೋದ ತಕ್ಷಣ ಮೊದಲ್ನೇ ತಿರುವಿಗೆ ಮೈಕೆಲ್ ಶೂಮಾಕರ್ ಪಕ್ಕ ನುಗ್ಗಿ, ಚಕ್ರಕ್ಕೆ ಚಕ್ರ ತಾಗಿಸ್ಕೊಂಡು, ಅವನನ್ನ ಅಂಚಿಗೆ ತಳ್ಳಿ ಮುಂದೆ ಹೋಗೇ ಬಿಟ್ಟ. ಆಗ ಶೂಮಾಕರ್ ಮೂರು ಸಲ ಚಾಂಪಿಯನ್, ಬೇರೆ ಹೊಸಬರು ಅವನ ಕನ್ನಡಿಲಿ ಕಾಣ್ಸೋಕೇ ಹೆದರ್ತಿದ್ರು. ಆಮೇಲೆ ಲೀಡಲ್ಲಿದ್ದಾಗ, ಒಂದು ಸುತ್ತು ಹಿಂದಿದ್ದ ಯೋಸ್ ವರ್ಸ್ಟಾಪೆನ್ ಹಿಂದಿಂದ ಬಂದು ಗುದ್ದಿದ (ಹೌದು, ಈಗಿನ ಎಫ್ ಒನ್ ಡ್ರೈವರ್ ಮ್ಯಾಕ್ಸ್ ಅವ್ರಪ್ಪಾನೇ), ಅಲ್ಲಿಗೆ ಕಥೆ ಮುಗೀತು. ಈಗ ನನಗೆ ಹೇಳು, ಆ ಓವರ್‌ಟೇಕ್ ಮಾಡ್ಸಿದ್ದು ಯಾವುದು? ನೀನು ಒಂಬತ್ತು ಸಲ ಬೈದಿದೀಯಲ್ಲ, ಅದೇ ಸ್ವಭಾವ ಅಲ್ವಾ? ಅದನ್ನ ಒಂದು ಪ್ಯಾರಾದಲ್ಲಿ ಹೊಗಳಿ ಮೂರನೇ ಪ್ಯಾರಾದಲ್ಲಿ ಬೇರೆ ಹೆಸರಿಟ್ಟು ಬೈದ್ರೆ ಓದೋನಿಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?

ಈಗ 2003ರ ಲೆಕ್ಕ. ನೀನು ಆ ವರ್ಷದ ಟೈಟಲ್ಲನ್ನ ಅವನೇ ಸಿಟ್ಟಲ್ಲಿ ಹಾಳ್ಮಾಡ್ಕೊಂಡ ಅಂತ ಬರ್ದಿದೀಯ. ಶೂಮಾಕರ್ 93, ರೈಕೋನೆನ್ 91, ಇವನು 82, ಅಂದ್ರೆ 11 ಪಾಯಿಂಟ್ ವ್ಯತ್ಯಾಸ. ಮೆಲ್ಬರ್ನಲ್ಲಿ ಲೀಡಲ್ಲಿದ್ದಾಗ ಸ್ಪಿನ್ ಆಗಿ ಎರಡನೇ ಜಾಗಕ್ಕೆ ಬಂದ, 2 ಪಾಯಿಂಟ್ ಹೋಯ್ತು, ತಪ್ಪು ಅವನದ್ದೇ. ಆಸ್ಟ್ರಿಯಾದಲ್ಲಿ ಲೀಡಲ್ಲಿದ್ದಾಗ ಇಂಜಿನ್ ಹೋಯ್ತು, ಗೆದ್ದಿದ್ರೆ 10, ಸಿಟ್ಟು ಬಂದಿದ್ದು ಇಂಜಿನ್‌ಗಾ? ಇಂಡಿಯಾನಾಪೊಲಿಸಲ್ಲಿ ಬ್ಯಾರಿಕೆಲ್ಲೋ ಜೊತೆ ಡಿಕ್ಕಿ ಆಯ್ತು, ಡ್ರೈವ್ ಥ್ರೂ ಪೆನಾಲ್ಟಿ (ಟೈರ್ ಬದಲಾಯಿಸೋ ಪಿಟ್ ದಾರೀಲಿ ನಿಧಾನವಾಗಿ ಹಾದು ಬರೋ ಶಿಕ್ಷೆ) ಬಿತ್ತು, ಆರನೇ ಜಾಗಕ್ಕೆ ತೃಪ್ತಿ ಪಟ್ಕೊಂಡ, ಟೈಟಲ್ ಆಸೆ ಅಲ್ಲೇ ಸತ್ತಿತು. ಇದನ್ನ ಆತುರ ಅನ್ನು, ಒಪ್ತೀನಿ. ಕೊನೇಗೆ ಜಪಾನಿನ ಸುಜುಕಾದಲ್ಲೂ ಮುಂದಿದ್ದ, ಹೈಡ್ರಾಲಿಕ್ಸ್ ಕೈ ಕೊಡ್ತು. ಎಲ್ಲಾ ಕೂಡ್ಸಿ ನೋಡು, ಮೋಟರ್ ಹಾಳಾಗಿದ್ದಕ್ಕೂ ಅವನ ಸ್ವಭಾವಕ್ಕೂ ನೀನು ಒಂದೇ ಬಿಲ್ ಹಾಕಿದೀಯ.

ನಿಜವಾಗಿ ಸಿಟ್ಟು ದುಬಾರಿ ಆಗಿದ್ದು ಎಲ್ಲಿ ಅಂದ್ರೆ ಫ್ರಾನ್ಸಿನ ಮ್ಯಾನಿ ಕೂರಲ್ಲಿ, ಅದೇ ವರ್ಷ ಜುಲೈ. ಮೈಕೆಲ್ ತಮ್ಮ ರಾಲ್ಫ್ ಶೂಮಾಕರ್ ಮೊದಲ್ನೇ ಜಾಗ, ಇವನು ಎರಡನೇದು, ಇವ್ರಿಬ್ರ ಟೀಮ್ ವಿಲಿಯಮ್ಸ್‌ಗೆ ಒನ್ ಟೂ, ಹಬ್ಬ ಆಗ್ಬೇಕಿತ್ತು. ಇವನು ಪಿಟ್ ಸ್ಟಾಪ್ ವಿಷಯಕ್ಕೆ ರೇಡಿಯೋಲಿ ತನ್ನದೇ ಟೀಮ್ ಮೇಲೆ ಕೂಗಾಡಿದ, ಅವ್ರು ವಾರ್ನಿಂಗ್ ಲೆಟರ್ ಕೊಟ್ರು. ಪಾಯಿಂಟ್ ಪಟ್ಟಿಲಿ ಆ ಜಗಳಕ್ಕೆ ಜಾಗಾನೇ ಇಲ್ಲ ನೋಡು, ಆದ್ರೆ ಆ ವರ್ಷ ಮುಗಿಯೋದ್ರೊಳಗೆ ಇವನು 2005ರಿಂದ ಮೆಕ್ಲಾರೆನ್ ಟೀಮಿಗೆ ಅಂತ ಆಗೋಗಿತ್ತು. ಹೋಗೋ ದಿನ, 2004ರ ಕೊನೇ ರೇಸು, ಅದೇ ಇಂಟರ್‌ಲಾಗೋಸಲ್ಲಿ ಗೆದ್ದು ಹೋದ. ಅದಾದ್ಮೇಲೆ ವಿಲಿಯಮ್ಸ್ ಇನ್ನೊಂದು ಗೆಲ್ಲೋಕೆ 2012ರವರೆಗೆ ಕಾಯ್ಬೇಕಾಯ್ತು, ಅದನ್ನ ತಂದ್ಕೊಟ್ಟೋನು ಪಾಸ್ಟರ್ ಮಾಲ್ಡೊನಾಡೊ, ಅವನದ್ದು ಇನ್ನೊಂದೇ ಪುರಾಣ, ಸ್ಪೇನಲ್ಲಿ ಗೆದ್ದು ಎರಡೇ ವಾರಕ್ಕೆ ಮೊನಾಕೋ ಪ್ರಾಕ್ಟೀಸಲ್ಲಿ ಪೆರೆಜ್‌ಗೆ ಗುದ್ದಿ ಹತ್ತು ಜಾಗದ ಪೆನಾಲ್ಟಿ ತಗೊಂಡ. ಮೆಕ್ಲಾರೆನಲ್ಲಿ ಮೊಂಟೋಯಾ ಟೆನಿಸ್ ಆಡಕ್ಕೋಗಿ ಭುಜ ಮುರ್ಕೊಂಡೆ ಅಂತ ಎರಡು ರೇಸ್ ತಪ್ಪಿಸ್ಕೊಂಡ, 2006ರ ಇಂಡಿಯಾನಾಪೊಲಿಸಲ್ಲಿ ಮೊದಲ್ನೇ ಸುತ್ತಲ್ಲೇ ತನ್ನ ಟೀಮಿನ ರೈಕೋನೆನ್‌ಗೇ ಹಿಂದಿಂದ ಗುದ್ದಿದ, ಅದೇ ಕೊನೆ, ಒಂದು ವಾರಕ್ಕೆ ಅಮೆರಿಕದ ನಾಸ್ಕಾರ್ ರೇಸಿಂಗ್‌ಗೆ ಹೋಗ್ತೀನಿ ಅಂದ. ಏಳು ಗೆಲುವು. ಇಷ್ಟಾದ್ಮೇಲೂ 2015ರಲ್ಲಿ ಅಮೆರಿಕದ ದೊಡ್ಡ ರೇಸ್ ಇಂಡಿ 500 ಗೆದ್ದ, ಮೊದಲ್ನೇದು ಗೆದ್ದು ಹದಿನೈದು ವರ್ಷ ಆಗಿತ್ತು, ಅದನ್ನ ನೀನು ಬರ್ದೇ ಇಲ್ಲ, ಬರ್ದಿದ್ರೆ ನಿನ್ನ "ಮುಳುವಾಯಿತು" ನಿಲ್ತಿರ್ಲಿಲ್ಲ ಅಂತಾನಾ?

ಇನ್ನೊಂದು ವಿಷ್ಯ, ಇದೇ ನನಗೆ ಮುಖ್ಯ. ಸೆನ್ನಾ 1990ರಲ್ಲಿ ಸುಜುಕಾದ ಮೊದಲ್ನೇ ತಿರುವಲ್ಲಿ ಎದುರಾಳಿ ಪ್ರಾಸ್ಟ್‌ಗೆ ಬೇಕಂತಲೇ ಗುದ್ದಿ ಟೈಟಲ್ ತಗೊಂಡ, ಮಾರನೇ ವರ್ಷ ತಾನೇ ಒಪ್ಕೊಂಡ. ಶೂಮಾಕರ್ 1997ರಲ್ಲಿ ಜೆರೆಜಲ್ಲಿ ವಿಲ್ನವ್ ಮೇಲೆ ಕಾರ್ ತಿರುಗಿಸಿ ಆ ವರ್ಷದ ಪಟ್ಟಿಯಿಂದಲೇ ಹೊರಗೆ ಬಿದ್ದ. ಅವ್ರಿಬ್ರನ್ನ ನಾವು ಏನಂತೀವಿ? ಛಲಗಾರ ಅಂತೀವಿ. ಗೆದ್ದೋನಿಗೆ ಛಲ, ಸೋತೋನಿಗೆ ಮುಂಗೋಪ, ಫಲಿತಾಂಶ ನೋಡ್ಕೊಂಡು ಆಮೇಲೆ ಹೆಸರಿಡೋದು ನಾವೇ, ಬರೆಯೋರು. ಮ್ಯಾಕ್ಸ್ ವಿಷ್ಯದಲ್ಲಿ ಮಾತ್ರ ಲೆಕ್ಕ ಕನ್ನಡಿ ಥರ ಇದೆ. 2025 ಬಾರ್ಸಿಲೋನಾ, ಟೀಮ್ ಎದುರಾಳಿ ರಸೆಲ್‌ಗೆ ಜಾಗ ಬಿಡು ಅಂತು, ಇವನು ಬಿಟ್ಟ ಹಾಗೆ ಮಾಡಿ ಗುದ್ದಿದ, ಹತ್ತು ಸೆಕೆಂಡ್ ಪೆನಾಲ್ಟಿ, ಐದನೇ ಜಾಗ ಹತ್ತನೇದಾಯ್ತು, 9 ಪಾಯಿಂಟ್ ಹೋಯ್ತು. ಡಿಸೆಂಬರಲ್ಲಿ ನಾರಿಸ್ ಮುಂದೆ ಟೈಟಲ್ ಸೋತಿದ್ದು 2 ಪಾಯಿಂಟಲ್ಲಿ. ಇಲ್ಲಿ ನೀನು ಒಂದು ವಿಶೇಷಣ ಸೇರ್ಸೋದೂ ಬೇಡ, ಈ ನಾಲ್ಕು ಅಂಕಿ ಪಕ್ಕಪಕ್ಕ ಇಟ್ಟು ಸುಮ್ನಾದ್ರೆ ಸಾಕು.

ಸ್ವಭಾವ ಅಂದ್ರೆ ಬರೀ ಸಿಟ್ಟೂ ಅಲ್ಲ ಕಣೋ. ಡೆನ್ಮಾರ್ಕಿನ ಯಾನ್ ಮ್ಯಾಗ್ನುಸನ್ ನೋಡು. 1994ರ ಬ್ರಿಟಿಷ್ ಎಫ್ ತ್ರೀಲಿ (ಎಫ್ ಒನ್‌ಗಿಂತ ಕೆಳಗಿನ ದರ್ಜೆ) 18 ರೇಸಲ್ಲಿ 14 ಗೆದ್ದ, ಸೆನ್ನಾ 1983ರಲ್ಲಿ ಗೆದ್ದಿದ್ದೇ 12. ಜಾಕಿ ಸ್ಟೀವರ್ಟ್ ತನ್ನ ಹೊಸ ಎಫ್ ಒನ್ ಟೀಮಿಗೆ ಕರ್ಕೊಂಡ. ಇವನಿಗೆ ಸಿಗರೇಟು ಬಿಡೋಕೆ ಆಗ್ಲಿಲ್ಲ, ವ್ಯಾಯಾಮ ಅಂದ್ರೆ ಆಗ್ತಿರ್ಲಿಲ್ಲ, ಅಷ್ಟು ದಿನ ಸುಲಭವಾಗಿ ಬಂದಿದ್ದು ಇಲ್ಲೂ ಹಾಗೇ ಬರುತ್ತೆ ಅಂತ ಇದ್ದ. 1998 ಕೆನಡಾದಲ್ಲಿ ಆರನೇ ಜಾಗ, ಮೊದಲ್ನೇ ಪಾಯಿಂಟ್, ಅದಾದ ತಕ್ಷಣವೇ ಟೀಮಿಂದ ಹೊರಗೆ. ಅವನ ಜಾಗಕ್ಕೆ ಬಂದೋನು ಯಾರು ಗೊತ್ತಾ, ಅದೇ ಯೋಸ್ ವರ್ಸ್ಟಾಪೆನ್! ಆಮೇಲೆ ಇದೇ ಮ್ಯಾಗ್ನುಸನ್ ಕಾರ್ವೆಟ್ ಕಾರ್ ಓಡಿಸ್ಕೊಂಡು ಲಮಾನ್ಸ್ 24 ಗಂಟೆ ರೇಸಲ್ಲಿ ನಾಲ್ಕು ಸಲ ತನ್ನ ಕ್ಲಾಸ್ ಗೆದ್ದ. ಅಂದ್ರೆ ಆಳು ಕೆಟ್ಟೋನಲ್ಲ, ಸೋಮಾರಿ ಅನ್ನೋಕೂ ಪೂರ್ತಿ ಆಗಲ್ಲ. ನಿನ್ನ ಲೇಖನದಲ್ಲಿ ಇಂಥೋನು ಒಬ್ಬ ಬಂದ್ರೆ ಮೊಂಟೋಯಾನೂ ಬೇರೆ ಥರ ಕಾಣ್ತಾನೆ.

ಫ್ರಾನ್ಸಿನ ಎಫ್ ಒನ್ ಡ್ರೈವರ್ ಜಾನ್ ಅಲೇಸಿನ ಬಿಡ್ಬೇಡ, 1997 ಮೆಲ್ಬರ್ನ್. ಪಿಟ್ಟಿಂದ ಬೋರ್ಡ್ ತೋರಿಸಿ ತೋರಿಸಿ ಕರೀತಾವ್ರೆ, ಇವನು ನೋಡ್ದೆ ಓಡಿಸ್ತಾನೇ ಇದಾನೆ, ಕೊನೇಗೆ ಪೆಟ್ರೋಲ್ ಖಾಲಿಯಾಗಿ ಟ್ರ್ಯಾಕಲ್ಲೇ ನಿಂತ. 201 ರೇಸಲ್ಲಿ ಒಂದೇ ಗೆಲುವು ಅಂತ ನೀನು ಹೇಳೋ ಬದ್ಲು ಆ ಬೋರ್ಡ್ ಹಿಡ್ಕೊಂಡು ನಿಂತಿದ್ದ ಮೆಕ್ಯಾನಿಕ್ ಕಡೆಯಿಂದ ಬರ್ದು ನೋಡು, ಒಂದೊಂದು ಸುತ್ತಿಗೂ ಅವನ ಎದೆ ಹೇಗೆ ಹೊಡ್ಕೊಂಡಿರ್ಬೋದು.

ನಾನೇನು ಸಾಧು ಅಲ್ಲಪ್ಪ. ಒಂದು ಪತ್ರಿಕೇಲಿ ಇದ್ದಾಗ ನನ್ನ ಒಂದು ಪ್ಯಾರಾ ಕತ್ತರಿಸಿದ್ರು ಅಂತ ರಾಜೀನಾಮೆ ಗೀಚಿ ಮೇಜಿನ ಮೇಲೆ ಇಟ್ಟು ಬಂದೋನು, ಮೂರು ತಿಂಗ್ಳು ಮನೇಲಿ ಕೂತೆ, ಈಗ ಆ ಪ್ಯಾರಾ ಯಾವುದು ಅಂತಾನೂ ನೆನಪಿಲ್ಲ. ಹೋದ ತಿಂಗ್ಳು ನಿನ್ನ ತಲೆಬರಹ ಬದಲಾಯಿಸಿದ್ದಕ್ಕೆ ನೀನು ರಾತ್ರಿ ಹನ್ನೆರಡಕ್ಕೆ ನನಗೆ ಕಳ್ಸಿದ ಮೆಸೇಜ್ ಇನ್ನೂ ಫೋನಲ್ಲಿದೆ, ಡಿಲೀಟ್ ಮಾಡಿಲ್ಲ, ಮ್ಯಾನಿ ಕೂರ್ ಪ್ಯಾರಾ ಬರೆಯೋವಾಗ ಬೇಕಾದ್ರೆ ಕೇಳು, ಕಳಿಸ್ತೀನಿ.

ಲೇಖನ ವಾಪಸ್ ಇಟ್ಟಿದೀನಿ, ಪೆನ್ಸಿಲ್ ಗುರುತು ಎಲ್ಲಾ ಇದೆ. ಒಂಬತ್ತು "ಮುಂಗೋಪಿ"ಲಿ ಎಂಟು ಹೊಡ್ದಾಕಿದೀನಿ, ಉಳಿದ ಒಂದನ್ನ ಎಲ್ಲಿಡ್ಬೇಕು ಅಂತ ನೀನೇ ನೋಡು. ಭಾನುವಾರ ಊಟಕ್ಕೆ ಮನೆಗೆ ಬಾ, ಅತ್ತಿಗೆ ಕೇಳ್ತಿದ್ಲು.

ನಿನ್ನ ಅಣ್ಣ